ಝೊಟೆರೊ: ನನ್ನ ಅಡಿಟಿಪ್ಪಣಿಗಳ ಅರ್ಧ ಮಾನ ಉಳಿಸಿದ ಸಾಫ್ಟ್‌ವೇರ್

ಮೊದಲೇ ಹೇಳಿಬಿಡುತ್ತೇನೆ, ಪುಸ್ತಕಗಳ ವಿವರ ಕೂಡಿಟ್ಟು ಅಡಿಟಿಪ್ಪಣಿ ಜೋಡಿಸಿಕೊಡುವ ಈ ಝೊಟೆರೊಗೆ ದುಡ್ಡು ಕೊಡಬೇಕಿಲ್ಲ. ಅಷ್ಟು ಗೊತ್ತಾದರೆ ಸಾಕು ಅನ್ನುವವರು ಇಲ್ಲಿಂದಲೇ ಎದ್ದು ಹೋಗಿ ಡೌನ್‌ಲೋಡ್ ಮಾಡಿಕೊಳ್ಳಿ. ಶಾಲೆ, ಮನೆ, ಮಕ್ಕಳ ಪರೀಕ್ಷೆ ಇವುಗಳ ನಡುವೆ ಪಿಎಚ್‌.ಡಿ. ಕಟ್ಟಿಕೊಂಡು ಒದ್ದಾಡುತ್ತಿರುವ ನನ್ನಂಥವರಿಗೆ ಮಾತ್ರ ಇನ್ನಷ್ಟು ಹೇಳುವುದಿದೆ. ಐದಕ್ಕೆ ನಾಲ್ಕು ಕೊಟ್ಟಿದ್ದೇನೆ. ಕಳೆದ ಒಂದು ಅದರ ತಪ್ಪಿಗೋ ನನ್ನ ತಪ್ಪಿಗೋ ಅಂತ ಇನ್ನೂ ತೀರ್ಮಾನವಾಗಿಲ್ಲ.

ನಾನು ಅರಸೀಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಹೊಯ್ಸಳರ ಕಾಲದ ಕೆರೆ ಶಾಸನಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಕೆರೆ ಯಾರು ಕಟ್ಟಿಸಿದರು, ಒಡೆದಾಗ ಯಾರು ದುಡ್ಡು ಹಾಕಿದರು, ಕೆರೆ ಕಟ್ಟಿಸಿದ್ದಕ್ಕೆ, ನೋಡಿಕೊಂಡಿದ್ದಕ್ಕೆ ಬಿತ್ತುವಟ್ಟ ಅಂತ, ಕಟ್ಟುಗೊಡಗೆ ಅಂತ ಗದ್ದೆ ಬಿಟ್ಟಿದ್ದು ಯಾರಿಗೆ, ಇಂಥವು. ಶಾಸನದ ಕೆಲಸದಲ್ಲಿ ಪುಟಕ್ಕೆ ಐದಾರು ಅಡಿಟಿಪ್ಪಣಿ ಬೀಳುತ್ತವೆ. ಅಧ್ಯಾಯ ಮುಗಿಯುವ ಹೊತ್ತಿಗೆ ಅದೇ ಒಂದು ದೊಡ್ಡ ಸಂಸಾರ.

ಝೊಟೆರೊ ಗೊತ್ತಾಗುವುದಕ್ಕೆ ಮುಂಚೆ ಈ ಸಂಸಾರವನ್ನು ನಡೆಸುತ್ತಿದ್ದದ್ದು ಒಂದು ಡಿಟಿಪಿ ಅಂಗಡಿ. ಯೂನಿವರ್ಸಿಟಿಗಳ ಗೇಟಿನ ಎದುರು ಇರುತ್ತವಲ್ಲ, ಜೆರಾಕ್ಸ್, ಸ್ಪೈರಲ್ ಬೈಂಡಿಂಗ್, ಥೀಸಿಸ್ ಟೈಪಿಂಗ್ ಅಂತ ಬೋರ್ಡು ಹಾಕಿಕೊಂಡು, ಅಂಥದ್ದೇ. ಹೆಸರು ಬೇಡ. ಅಲ್ಲಿನ ಹುಡುಗ ಒಳ್ಳೆಯವನು, ಬೆರಳು ಕೀಬೋರ್ಡಿನ ಮೇಲೆ ಮಳೆ ಹೊಡೆದ ಹಾಗೆ ಓಡುತ್ತಿತ್ತು. ‘ರೆಫರೆನ್ಸ್ ಸೆಟ್ಟಿಂಗ್’ಗೆ ಪುಟಕ್ಕೆ ಹತ್ತು ರೂಪಾಯಿ ಬೇರೆ. ನಾನು ಡೈರಿಯಲ್ಲಿ ಗೀಚಿದ್ದನ್ನು ಕೊಟ್ಟರೆ ಅವನು ಸಾಲಾಗಿ ಜೋಡಿಸಿ ಕೊಡುವುದು. ಒಂದು ಸಂಜೆ ಅವನ ಪಕ್ಕದ ಸ್ಟೂಲಿನಲ್ಲಿ ಕೂತಿದ್ದೆ.

‘ಅಕ್ಕ, ಈ ಪುಸ್ತಕಕ್ಕೆ ಪ್ರಕಾಶಕರ ಹೆಸರಿಲ್ಲ. ಹಾಕ್ಲಾ?’

‘ಏನಂತ ಹಾಕ್ತೀಯ?’

‘ಮೈಸೂರು ಅಂತ ಹಾಕ್ತೀನಿ. ಎಲ್ಲಾರೂ ಅದೇ ಹಾಕೋದು.’

‘ಇಸವಿ?’

‘ಅದೂ ಇಲ್ಲ. ಇದರ ಹಿಂದಿನದು 1978 ಇದೆ, ಇದಕ್ಕೂ ಅದನ್ನೇ ಕೊಟ್ರೆ ಲೈನು ನೀಟಾಗಿ ಕೂರುತ್ತೆ.’

ನಗು ಬಂತು. ಆದರೆ ಬೇಡ ಅನ್ನಲಿಲ್ಲ ನಾನು. ಬಸ್ಸಿಗೆ ಹೊತ್ತಾಗಿತ್ತು.

ಅದರ ಫಲ ಕರಡು ಮಂಡನೆಯ ದಿನ ಕೈಗೆ ಬಂತು. ಹೊರಗಿನಿಂದ ಬಂದಿದ್ದ ತಜ್ಞರು ವಯಸ್ಸಾದವರು, ಮಾತು ಮೆತ್ತಗೆ. ಎಲ್ಲ ಕೇಳಿಸಿಕೊಂಡು ಕೊನೆಗೆ ಕನ್ನಡಕ ಏರಿಸಿ, ‘ತಾಯಿ, ಮೂರನೇ ಅಧ್ಯಾಯದಲ್ಲಿ ಎಪಿಗ್ರಾಫಿಯ ಕರ್ನಾಟಿಕ ಸಂಪುಟ ಐದು ಅಂತ ಬರೆದಿದ್ದೀರಲ್ಲ, ಯಾವ ಐದು?’ ಅಂದರು.

ಶಾಸನದ ಸಹವಾಸ ಇಲ್ಲದವರಿಗೆ ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಶುರುಮಾಡಿದ ಎಪಿಗ್ರಾಫಿಯ ಕರ್ನಾಟಿಕ ಅನ್ನುವ ಶಾಸನ ಸಂಗ್ರಹದ ಸಂಪುಟಗಳು ಜಿಲ್ಲಾವಾರು ಇವೆ. ಅದರಲ್ಲಿ 1902ರ ಐದನೇ ಸಂಪುಟ ಹಾಸನ ಜಿಲ್ಲೆಯದು, ನಮ್ಮ ಅರಸೀಕೆರೆ ತಾಲ್ಲೂಕು ಅದರೊಳಗೆ. ಹತ್ತನೆಯದು ಕೋಲಾರ. ಆಮೇಲೆ 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಆವೃತ್ತಿ ಹೊರತಂದಿತು. ಹೊಸ ಶಾಸನಗಳು ಸೇರಿದವು, ಹಂಚಿಕೆ ತಾಲ್ಲೂಕುವಾರು ಆಯಿತು, ಸಂಪುಟದ ಅಂಕಿಗಳೂ ಬದಲಾದವು. ಪರಿಷ್ಕೃತ ಐದರಲ್ಲಿ ಮೈಸೂರು, ತಿ. ನರಸೀಪುರದ ಕಡೆಯವು. ಅರಸೀಕೆರೆ ಬಂದದ್ದು 1997ರ ಹತ್ತನೇ ಸಂಪುಟಕ್ಕೆ. ಹಾಗಾಗಿ ‘ಎ.ಕ. 10’ ಅಂತ ಬರೆದು ಯಾವ ಆವೃತ್ತಿ ಅಂತ ಹೇಳದಿದ್ದರೆ ಓದುವವನು ಒಂದೋ ಕೋಲಾರಕ್ಕೆ ಹೋಗುತ್ತಾನೆ, ಇಲ್ಲ ಅರಸೀಕೆರೆಗೆ ಬರುತ್ತಾನೆ.

ನಾನು ಮಾಡಿದ್ದು ಇನ್ನೂ ಚೆಂದ. ಸಂಪುಟದ ಅಂಕಿಯನ್ನು ಒಬ್ಬರ ಪುಸ್ತಕದಿಂದ ಎತ್ತಿಕೊಂಡಿದ್ದೆ, ಅದು ರೈಸ್‌ದು. ಶಾಸನದ ಸಂಖ್ಯೆಯನ್ನು ಇನ್ನೊಬ್ಬರ ಪುಸ್ತಕದಿಂದ, ಅದು ಪರಿಷ್ಕೃತದ್ದು. ಇಸವಿಯನ್ನು ಡಿಟಿಪಿ ಹುಡುಗ ಮೇಲಿನ ಸಾಲಿಂದ ಇಳಿಸಿದ್ದ. ಮೂರೂ ಸೇರಿ ಲೋಕದಲ್ಲಿ ಎಲ್ಲೂ ಇಲ್ಲದ ಒಂದು ಶಾಸನ ಹುಟ್ಟಿತ್ತು.

‘ನಿಮ್ಮ ಕೆರೆ ಹುಡುಕಿಕೊಂಡು ಎರಡು ಐದಕ್ಕೂ ಹೋಗಿದ್ದೆ. ಎರಡು ಕಡೆನೂ ಕೆರೆ ಇಲ್ಲಮ್ಮ, ಬಾವಿಯೂ ಇಲ್ಲ’ ಅಂದರು ಅವರು. ಫೈಲಿನಿಂದ ಎರಡು ಜೆರಾಕ್ಸ್ ಹಾಳೆ ತೆಗೆದು ಮೇಜಿನ ಮೇಲೆ ಇಟ್ಟರು. ಆಮೇಲೆ, ‘ಮೂಲ ನೋಡಿದ್ದೀರ ತಾನೆ?’

‘ಹೂಂ ಸರ್’ ಅಂದೆ.

ಅದು ಸುಳ್ಳು ಅಂತ ಅವರಿಗೂ ಗೊತ್ತಾಯಿತು, ಗೈಡ್ ಸರ್‌ಗೂ ಗೊತ್ತಾಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಎಂ.ಎ. ಹುಡುಗಿಯರಿಗೂ ಗೊತ್ತಾಗಿರಬೇಕು. ಹೋಂವರ್ಕ್ ಮಾಡದ ಮಕ್ಕಳನ್ನು ಹದಿನಾರು ವರ್ಷ ನಿಲ್ಲಿಸಿ ಕೇಳಿದವಳು ನಾನು. ನಿಂತುಕೊಳ್ಳುವುದು ಹೇಗಿರುತ್ತದೆ ಅಂತ ಆವತ್ತು ತಿಳಿಯಿತು.

ಅದೇ ವಾರ ಝೊಟೆರೊ ಹಾಕಿಸಿಕೊಂಡೆ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸದವರು 2006ರಲ್ಲಿ ಹೊರತಂದದ್ದಂತೆ. ಇತಿಹಾಸದವರು ಅಂದ ತಕ್ಷಣ ನನಗೆ ಅರ್ಧ ನಂಬಿಕೆ ಬಂತು. ಹೆಸರು ಅಲ್ಬೇನಿಯನ್ ಭಾಷೆಯದು, ಕರಗತ ಮಾಡಿಕೊಳ್ಳುವುದು ಅಂತ ಅರ್ಥ.

ಕೆಲಸ ಸರಳ. ಪುಸ್ತಕದ ವಿವರ ಒಂದು ಸಲ ತುಂಬಿಟ್ಟರೆ ಆಯಿತು. ಬರೆಯುವಾಗ ವರ್ಡ್‌ನಲ್ಲೋ ಲಿಬ್ರೆ ಆಫೀಸ್‌ನಲ್ಲೋ ಬಟನ್ ಒತ್ತಿ ಲೇಖಕರ ಹೆಸರಿನ ನಾಲ್ಕು ಅಕ್ಷರ ಹೊಡೆದರೆ ಅಡಿಟಿಪ್ಪಣಿ ಬಂದು ಕೂರುತ್ತದೆ, ಪುಟಸಂಖ್ಯೆಗೆ ಅಲ್ಲೇ ಒಂದು ಜಾಗ ಇದೆ. ಕೊನೆಯಲ್ಲಿ ಗ್ರಂಥಋಣ ತಾನಾಗಿ ಪಟ್ಟಿಯಾಗುತ್ತದೆ. ನಡುವೆ ಒಂದು ಪ್ಯಾರಾ ಕಿತ್ತು ಬೇರೆ ಕಡೆ ಹಾಕಿದರೆ ಟಿಪ್ಪಣಿಯ ಅಂಕಿಗಳೂ ಸರಿದುಕೊಳ್ಳುತ್ತವೆ. ಒಂದು ಪುಸ್ತಕದ ಇಸವಿ ತಪ್ಪಿದ್ದರೆ ಒಂದೇ ಕಡೆ ತಿದ್ದಿ, ಅದು ಬಂದಲ್ಲೆಲ್ಲ ತಿದ್ದಿಕೊಳ್ಳುತ್ತದೆ. ಇದೇ ಕೆಲಸಕ್ಕೆ ಅಂಗಡಿಯಲ್ಲಿ ಮೂರು ಶನಿವಾರ ಕಳೆದಿದ್ದೆ. ನಮ್ಮ ಯೂನಿವರ್ಸಿಟಿಯವರು ನಡುವೆ ಒಂದು ಸುತ್ತೋಲೆ ಹೊರಡಿಸಿ ಉಲ್ಲೇಖದ ಮಾದರಿಯನ್ನೇ ಬದಲಾಯಿಸಿದರು. ಜೊತೆಯವರು ತಲೆ ಮೇಲೆ ಕೈ ಹೊತ್ತುಕೊಂಡರು, ನಾನು ಸ್ಟೈಲ್ ಬದಲಿಸಿ ಟೀ ಕುಡಿದೆ. ಆ ಒಂದು ಟೀಗೇ ಎರಡು ಸ್ಟಾರ್ ಕೊಡಬಹುದು.

ನಿಮ್ಮ ಕಂಪ್ಯೂಟರಿನಲ್ಲಿ ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದು. ಪಿಡಿಎಫ್‌ಗಳನ್ನು ಅವರ ಸರ್ವರಿನಲ್ಲಿ ಇಡುವುದಾದರೆ ಮಾತ್ರ 300 ಎಂಬಿ ಪುಕ್ಕಟೆ, ಹೆಚ್ಚಿಗೆ ಬೇಕಾದರೆ ವರ್ಷಕ್ಕೆ ಇಷ್ಟು ಅಂತ ದುಡ್ಡು. ಸ್ಕ್ಯಾನ್ ಮಾಡಿದ ಶಾಸನ ಸಂಪುಟ ಒಂದೆರಡು ಹಾಕಿದರೆ ಆ 300 ಮುಗಿದೇ ಹೋಗುತ್ತದೆ. ನಾನು ಪಿಡಿಎಫ್‌ಗಳನ್ನು ಪೆನ್‌ಡ್ರೈವಿನಲ್ಲಿ ಇಟ್ಟಿದ್ದೇನೆ, ವಿವರಗಳನ್ನಷ್ಟೇ ಸಿಂಕ್ ಮಾಡುತ್ತೇನೆ.

ಈಗ ಕನ್ನಡದವರ ಪಾಡು. ಒಂದು, ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಹಳೆಯ ಫಾಂಟ್ ಹಾಕಿ ಟೈಪ್ ಮಾಡಿಸಿದ ಅಧ್ಯಾಯಗಳಿದ್ದರೆ ಮೊದಲು ಯೂನಿಕೋಡ್‌ಗೆ ತನ್ನಿ. ಇಲ್ಲದಿದ್ದರೆ ಅಡಿಟಿಪ್ಪಣಿ ಕನ್ನಡದಲ್ಲೂ ಮೇಲಿನ ಪಠ್ಯ ಬಾಲ ಬಾಲದ ಲ್ಯಾಟಿನ್ ಅಕ್ಷರಗಳಲ್ಲೂ ಕಾಣಿಸಿ ಗಾಬರಿಯಾಗುತ್ತದೆ. ಪರಿವರ್ತಕದಲ್ಲಿ ಹಾಕಿದ ಮೇಲೂ ಒತ್ತಕ್ಷರ, ಅರ್ಕಾವತ್ತು ಒಂದು ಸಲ ನೋಡಿಕೊಳ್ಳಿ. ಎರಡು, ಹೆಸರು. ಕೊನೆಯ ಹೆಸರು, ಮೊದಲ ಹೆಸರು ಅಂತ ಎರಡು ಪೆಟ್ಟಿಗೆ ಕೊಡುತ್ತದೆ. ಕುವೆಂಪು ಅವರ ಕೊನೆಯ ಹೆಸರು ಯಾವುದು? ಶಂ.ಬಾ. ಜೋಶಿಯವರನ್ನು ಬರೀ ‘ಜೋಶಿ’ ಅಂತ ಕರೆದರೆ ಧಾರವಾಡದಲ್ಲಿ ಎಷ್ಟು ಜನ ತಿರುಗಿ ನೋಡಬಹುದು? ಇದಕ್ಕೆ ದಾರಿ ಇದೆ. ಹೆಸರಿನ ಪಕ್ಕದ ಚಿಕ್ಕ ಗುರುತು ಒತ್ತಿದರೆ ಎರಡು ಪೆಟ್ಟಿಗೆ ಒಂದಾಗುತ್ತದೆ, ಇದ್ದ ಹಾಗೇ ಬರೆಯಬಹುದು. ನನಗಿದು ಗೊತ್ತಾಗುವ ಹೊತ್ತಿಗೆ ನೂರಿಪ್ಪತ್ತು ಹೆಸರು ತುಂಬಿ ಆಗಿತ್ತು. ಮೂರು, ಸ್ಟೈಲು ಇಂಗ್ಲಿಷಿನದ್ದಾದರೆ ‘ಮತ್ತು ಇತರರು’ ಅನ್ನುವ ಕಡೆ ‘ಎಟ್ ಆಲ್’ ಬಂದು ಕೂರುತ್ತದೆ. ಅದನ್ನು ಕೊನೆಯಲ್ಲಿ ಕೈಯಿಂದಲೇ ತೆಗೆಯುತ್ತೇನೆ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ನಾಲ್ಕನೆಯದೇ ಮುಖ್ಯ. ಇಂಗ್ಲಿಷ್ ಪುಸ್ತಕವಾದರೆ ಮಂತ್ರದಂಡದ ಚಿತ್ರ ಒತ್ತಿ ಐಎಸ್‌ಬಿಎನ್ ಕೊಟ್ಟರೆ ವಿವರವೆಲ್ಲ ತಾನೇ ಬರುತ್ತದೆ. ನಮ್ಮ ಹಳೆಯ ಪುಸ್ತಕಗಳಿಗೆ ಆ ನಂಬರೇ ಇಲ್ಲ. ವಿದೇಶದ ಗ್ರಂಥಾಲಯಗಳ ಪಟ್ಟಿಯಿಂದ ಸಿಕ್ಕಿದರೂ ಹೆಸರು ರೋಮನ್ ಲಿಪಿಯಲ್ಲಿ, ಕೆಳಗೆ ಮೇಲೆ ಚುಕ್ಕೆ ಗೆರೆ ಹೊತ್ತುಕೊಂಡು ಬರುತ್ತದೆ. ಅಂತರ್ಜಾಲದಲ್ಲಿ ಸಿಗುವ ಸ್ಕ್ಯಾನ್ ಪುಸ್ತಕಗಳಲ್ಲಂತೂ ಯಾರೋ ಅವಸರದಲ್ಲಿ ತುಂಬಿದ ವಿವರ ಇರುತ್ತದೆ. ಲೇಖಕರ ಜಾಗದಲ್ಲಿ ಮುನ್ನುಡಿ ಬರೆದವರು, ಮೊದಲ ಮುದ್ರಣದ ಜಾಗದಲ್ಲಿ ಐದನೇ ಮುದ್ರಣದ ಇಸವಿ. ಝೊಟೆರೊ ಪಾಪ ಕೊಟ್ಟಿದ್ದನ್ನು ಇಸ್ತ್ರಿ ಮಾಡಿ ಮಡಿಸಿಡುತ್ತದೆ. ಬಟ್ಟೆ ಯಾರದು ಅಂತ ಅದು ಕೇಳುವುದಿಲ್ಲ. ಮೊದಲು ನನ್ನ ತಪ್ಪು ಉಲ್ಲೇಖಗಳು ಕೊಳಕಾಗಿದ್ದವು, ನೋಡಿದರೆ ಅನುಮಾನವಾದರೂ ಬರುತ್ತಿತ್ತು. ಈಗ ಅಲ್ಪವಿರಾಮ ಸಮೇತ ಸ್ವಚ್ಛವಾಗಿ ಕಾಣುತ್ತವೆ. ಕಳೆದ ಒಂದು ಸ್ಟಾರ್ ಇದಕ್ಕೇ.

ಮೂಲ ನೋಡದೆ ಬರೆಯುವ ಕಾಯಿಲೆ ನಮ್ಮ ಕಡೆಯದು ಮಾತ್ರ ಅಂತ ನಾಚಿಕೊಂಡಿದ್ದೆ. ಗೈಡ್ ಸರ್ ಒಂದೊಂದೇ ಉದಾಹರಣೆ ಕೊಟ್ಟು ಆ ನಾಚಿಕೆ ಬಿಡಿಸಿದರು. ಬೇರೆ ನಾಚಿಕೆ ಹಚ್ಚಿದರು ಅನ್ನಿ.

ಎಲ್ಸವಿಯರ್ ಅಂತ ದೊಡ್ಡ ಪ್ರಕಾಶನ ಸಂಸ್ಥೆ. ಲೇಖಕರಿಗಾಗಿ ಅವರು ಮಾಡಿದ ಮಾದರಿಯಲ್ಲಿ, ಉಲ್ಲೇಖ ಹೀಗೆ ಬರೆಯಿರಿ ಅಂತ ತೋರಿಸಲು ಒಂದು ಸುಳ್ಳು ಲೇಖನ ಇತ್ತು. ವ್ಯಾನ್ ಡೆರ್ ಗೀರ್ ಮತ್ತು ಇನ್ನಿಬ್ಬರು, 2000ನೇ ಇಸವಿ, ವೈಜ್ಞಾನಿಕ ಲೇಖನ ಬರೆಯುವ ಕಲೆ, ಪುಟ 51ರಿಂದ 59. ಅಂಥ ಲೇಖನವನ್ನು ಯಾರೂ ಬರೆದೇ ಇಲ್ಲ. ಆದರೆ ಅದನ್ನು ಸುಮಾರು 400 ಪ್ರಬಂಧಗಳು ಉಲ್ಲೇಖಿಸಿವೆ! ನೆದರ್‌ಲೆಂಡ್ಸಿನ ಪೀಟರ್ ಕ್ರೂನೆನ್‌ಬರ್ಗ್ ಅನ್ನುವ ನಿವೃತ್ತ ಪ್ರಾಧ್ಯಾಪಕರಿಗೆ ಅನುಮಾನ ಬಂದು ಹುಡುಕಿಕೊಂಡು ಹೋದಾಗ ಬಯಲಾಯಿತು. ಮಾದರಿಯ ಸಾಲನ್ನು ಅಳಿಸಲು ಮರೆತವರೇ ಹೆಚ್ಚು. ಅರ್ಜಿ ನಮೂನೆಯಲ್ಲಿ ‘ಇಲ್ಲಿ ನಿಮ್ಮ ಹೆಸರು ಬರೆಯಿರಿ’ ಅನ್ನುವುದನ್ನೂ ಸೇರಿಸಿ ಬರೆದುಕೊಡುವ ನಮ್ಮ ಏಳನೇ ಕ್ಲಾಸಿನವರ ಹಾಗೆ.

2003ರಲ್ಲಿ ಸಿಮ್ಕಿನ್, ರಾಯಚೌಧರಿ ಅನ್ನುವ ಇಬ್ಬರು ಕ್ಯಾಲಿಫೋರ್ನಿಯಾದಲ್ಲಿ ಕೂತು ಮಾಡಿದ ಲೆಕ್ಕ ನನಗೆ ಬಹಳ ಹಿಡಿಸಿತು, ಅದು ಟೀಚರ್ ಬುದ್ಧಿ. ಹತ್ತು ಮಕ್ಕಳು ಸರಿ ಉತ್ತರ ಬರೆದರೆ ಓದಿದ್ದಾರೆ ಅನ್ನಬಹುದು. ಹತ್ತು ಮಕ್ಕಳೂ ಒಂದೇ ತಪ್ಪು ಉತ್ತರ ಬರೆದಿದ್ದರೆ? ಭೌತಶಾಸ್ತ್ರದ 1973ರ ಒಂದು ಹೆಸರಾಂತ ಲೇಖನವನ್ನು ಉಲ್ಲೇಖಿಸಿದ ನಾಲ್ಕು ಸಾವಿರಕ್ಕೂ ಮಿಕ್ಕಿದ ಕಡೆ ನೋಡಿದರೆ 196 ಕಡೆ ಸಂಪುಟ, ಪುಟ ಇತ್ಯಾದಿ ತಪ್ಪು ಬಿದ್ದಿತ್ತು. ಅದರಲ್ಲಿ ಒಂದೇ ಒಂದು ತಪ್ಪು, ಪುಟಸಂಖ್ಯೆಯದು, 78 ಸಲ ಹಾಗೇ ಮರುಕಳಿಸಿತ್ತು. ಒಬ್ಬ ತಪ್ಪಿದ, ಉಳಿದವರು ಅವನ ಪಟ್ಟಿಯಿಂದ ಇಳಿಸಿಕೊಂಡರು. ಉಲ್ಲೇಖಿಸುವವರಲ್ಲಿ ಮೂಲ ಓದಿದವರು ನೂರಕ್ಕೆ ಇಪ್ಪತ್ತರಷ್ಟು ಇರಬಹುದು ಅಂತ ಅವರ ಅಂದಾಜು.

ಇವೆಲ್ಲ ನಕ್ಕು ಬಿಡಬಹುದಾದವು. ಮೂರನೆಯದನ್ನು ಕೇಳಿ ನಗು ಬರಲಿಲ್ಲ. 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಗೆ ಜೇನ್ ಪೋರ್ಟರ್, ಹರ್ಷಲ್ ಜಿಕ್ ಇಬ್ಬರೂ ಸೇರಿ ಒಂದು ಪುಟ್ಟ ಕಾಗದ ಬರೆದರು. ಐದೇ ವಾಕ್ಯ. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಇದ್ದಾಗ ಅಫೀಮು ಜಾತಿಯ ನೋವಿನ ಔಷಧಿ ಪಡೆದ 11,882 ಜನರಲ್ಲಿ ಚಟಕ್ಕೆ ಬಿದ್ದದ್ದು ನಾಲ್ವರಲ್ಲಿ ಮಾತ್ರ ದಾಖಲಾಗಿದೆ ಅಂತ. ‘ಆಸ್ಪತ್ರೆಯಲ್ಲಿ’ ಅನ್ನುವ ಒಂದು ಮಾತು ಇಡೀ ಕಾಗದದ ಬೆನ್ನುಮೂಳೆ. ಮುಂದೆ ಅದನ್ನು ಎತ್ತಿ ಎತ್ತಿ ಬರೆದವರು ಆ ಮಾತನ್ನೇ ಬಿಟ್ಟರು. ಮನೆಗೆ ಒಯ್ದು ತಿಂಗಳುಗಟ್ಟಲೆ ನುಂಗುವ ಮಾತ್ರೆಗೂ ಚಟ ಅಪರೂಪ ಅನ್ನುವುದಕ್ಕೆ ಇದೇ ಸಾಕ್ಷಿ ಆಯಿತು. 2017ರಲ್ಲಿ ಅದೇ ಪತ್ರಿಕೆಯಲ್ಲಿ ಕೆನಡಾದವರು ಎಣಿಸಿ ತೋರಿಸಿದರು. 608 ಉಲ್ಲೇಖಗಳಲ್ಲಿ 439 ಕಡೆ ಇದನ್ನು ‘ಚಟ ಅಪರೂಪ’ ಅನ್ನುವುದಕ್ಕೆ ಆಧಾರ ಮಾಡಿಕೊಂಡಿದ್ದರು, 491 ಕಡೆ ಇದು ಆಸ್ಪತ್ರೆಯ ರೋಗಿಗಳ ಮಾತು ಅಂತ ಹೇಳಿಯೇ ಇರಲಿಲ್ಲ. ಅಮೆರಿಕದಲ್ಲಿ ಆ ಮಾತ್ರೆಗಳಿಂದ ಎಷ್ಟು ಮನೆ ಹಾಳಾದವು ಅಂತ ಪತ್ರಿಕೆ ಓದುವವರಿಗೆ ಗೊತ್ತೇ ಇದೆ. ಐದು ವಾಕ್ಯ ಓದಲು ಎಷ್ಟು ಹೊತ್ತು ಬೇಕು? ನಾನು ಗಡಿಯಾರ ಇಟ್ಟುಕೊಂಡು ನೋಡಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಇಲ್ಲೊಂದು ವಿಷಯದಲ್ಲಿ ಝೊಟೆರೊಗೆ ಬೆನ್ನು ತಟ್ಟಬೇಕು. ಒಂದು ಲೇಖನವನ್ನು ಪತ್ರಿಕೆಯವರು ಆಮೇಲೆ ಹಿಂದಕ್ಕೆ ತೆಗೆದುಕೊಂಡಿದ್ದರೆ, ರಿಟ್ರಾಕ್ಷನ್ ವಾಚ್ ಅನ್ನುವವರ ಪಟ್ಟಿ ನೋಡಿ ಅದು ಎಚ್ಚರಿಸುತ್ತದೆ. 2019ರಿಂದ ಈ ಸೌಲಭ್ಯ ಇದೆ. ನಿಜವೋ ಸುಳ್ಳೋ ಅಂತ ಪರೀಕ್ಷೆ ಮಾಡಲು, ಲಸಿಕೆಗೂ ಆಟಿಸಂಗೂ ಗಂಟು ಹಾಕಿದ್ದ ವೇಕ್‌ಫೀಲ್ಡ್‌ನ 1998ರ ಲ್ಯಾನ್ಸೆಟ್ ಲೇಖನವನ್ನು ಸೇರಿಸಿದೆ, 2010ರಲ್ಲಿ ಲ್ಯಾನ್ಸೆಟ್‌ನವರು ಹಿಂತೆಗೆದುಕೊಂಡದ್ದು. ಮೇಲೆ ಕೆಂಪು ಪಟ್ಟಿ ಬಂತು. ಸರಿಯಾಗಿದೆ. ಆದರೆ ತಪ್ಪು ಅಂತ ತೀರ್ಮಾನವಾಗಿ ಎಲ್ಲೂ ದಾಖಲಾಗದ ನಮ್ಮ ಕನ್ನಡ ಪುಸ್ತಕಗಳಿಗೆ ಅಂಥ ಕೆಂಪು ಪಟ್ಟಿ ಯಾರೂ ಹಾಕಿಲ್ಲ.

ಹೊಸ ಕಾಯಿಲೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಸ್ಕೂಲಿನ ವಿಜ್ಞಾನದ ಮೇಡಂ ಮಗ ಎಂ.ಎ. ಪ್ರಾಜೆಕ್ಟಿಗೆ ಅಂತ ಫೋನಿನಲ್ಲಿ ಎಐ ಕೇಳಿ ಎಂಟು ಗ್ರಂಥಗಳ ಪಟ್ಟಿ ತಂದಿದ್ದ. ‘ಆಂಟಿ, ಇದನ್ನ ನಿಮ್ಮ ಸಾಫ್ಟ್‌ವೇರಿಗೆ ಹಾಕಿ ಸರಿ ಮಾಡಿಕೊಡಿ’ ಅಂತ. ಪಟ್ಟಿ ನೋಡಲು ಲಕ್ಷಣವಾಗಿತ್ತು, ಲೇಖಕ, ಪ್ರಕಾಶನ, ಊರು, ಪುಟ ಎಲ್ಲ. ಐದನೆಯದರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು 1908ರಲ್ಲಿ ಪ್ರಕಟಿಸಿದ ಪುಸ್ತಕ ಇತ್ತು. ‘ಮಗಾ, ಪರಿಷತ್ತು ಹುಟ್ಟಿದ್ದೇ 1915ರಲ್ಲಿ’ ಅಂದೆ. ಅವನು ಫೋನಿಗೆ ಅದನ್ನು ಹೇಳಿದ. ಫೋನು ಕ್ಷಮೆ ಕೇಳಿ 1918 ಅಂತ ತಿದ್ದಿಕೊಟ್ಟಿತು! ಡಿಟಿಪಿ ಹುಡುಗನ ನೆನಪು ಬಂತು. ಅವನಾದರೂ ‘ಹಾಕ್ಲಾ?’ ಅಂತ ಕೇಳುತ್ತಿದ್ದ.

ನನ್ನದೇ ಒಂದು ಉಪಾಯ ಇದೆ, ಝೊಟೆರೊ ಬಳಸುವವರು ಬೇಕಾದರೆ ಎತ್ತಿಕೊಳ್ಳಿ. ಅದರಲ್ಲಿ ಬಣ್ಣದ ಟ್ಯಾಗ್ ಹಚ್ಚಬಹುದು, ಕೀಬೋರ್ಡಿನ ಒಂದು ಅಂಕಿ ಒತ್ತಿದರೆ ಸಾಕು. ಕೆಂಪು ಅಂದರೆ ‘ನೋಡಿಲ್ಲ, ಇನ್ನೊಬ್ಬರ ಪುಸ್ತಕದಿಂದ ಎತ್ತಿದ್ದು’. ಹಸಿರು ಅಂದರೆ ‘ಪುಟ ಕಣ್ಣಾರೆ ನೋಡಿದೆ’. ಶಾಸನಗಳಿಗೆ ಇನ್ನೊಂದು ನೇಮ, ಸಂಪುಟದ ಅಂಕಿಯ ಮುಂದೆ ‘ರೈಸ್’ ಇಲ್ಲವೇ ‘ಪರಿಷ್ಕೃತ’ ಅಂತ ಇಲ್ಲದೆ ಒಳಕ್ಕೆ ಬಿಡುವುದಿಲ್ಲ. ಮೊದಲ ದಿನ ಪ್ರಾಮಾಣಿಕವಾಗಿ ಬಣ್ಣ ಹಚ್ಚಿದಾಗ 412ರಲ್ಲಿ 137 ಕೆಂಪು. ಪರದೆ ಮೆಣಸಿನಕಾಯಿ ಒಣಗಲು ಹಾಕಿದ ಅಂಗಳದ ಹಾಗೆ ಕಾಣುತ್ತಿತ್ತು.

ಮೊದಲು ಹಸಿರು ಮಾಡಿದ್ದು ಆ ಮಾನ ಕಳೆದ ಶಾಸನವನ್ನೇ. ಒಂದು ಶನಿವಾರ ಮಧ್ಯಾಹ್ನ ಲೈಬ್ರರಿಯಲ್ಲಿ ಪರಿಷ್ಕೃತ ಹತ್ತನೇ ಸಂಪುಟ ತೆಗೆಸಿದೆ. ದಪ್ಪ ಪುಸ್ತಕ, ಎರಡೂ ಕೈ ಬೇಕು. ಪಠ್ಯ ಓದಿದೆ, ಮತ್ತೆ ಓದಿದೆ, ಇಂಗ್ಲಿಷ್ ಅನುವಾದವನ್ನೂ ನೋಡಿದೆ. ನಾನು ನಂಬಿದ್ದ ಪುಸ್ತಕದಲ್ಲಿ ಆ ಗೌಡ ಕೆರೆ ಕಟ್ಟಿಸಿದ ಅಂತ ಇತ್ತು. ಶಾಸನದಲ್ಲಿ ಇದ್ದದ್ದು ಒಡೆದು ಹೋಗಿದ್ದ ಕೆರೆಯನ್ನು ಮತ್ತೆ ಕಟ್ಟಿಸಿದ ಅಂತ. ಕೆರೆ ಅವನಿಗಿಂತ ಹಳೆಯದು. ನನ್ನ ಕೋಷ್ಟಕದಲ್ಲಿ ‘ಹೊಸ ಕೆರೆ’ ಸಾಲಿನಿಂದ ‘ದುರಸ್ತಿ’ ಸಾಲಿಗೆ ಒಂದು ಗೆರೆ ಸರಿಯಿತು. ಅನುಮಾನ ಬಂದು ಅದೇ ಪುಸ್ತಕದಿಂದ ಎತ್ತಿದ್ದ ಉಳಿದವನ್ನೂ ನೋಡಿದೆ, ಇನ್ನೂ ನಾಲ್ಕು ಸರಿದವು. ಹೊಯ್ಸಳರ ಕಾಲದಲ್ಲಿ ಈ ಭಾಗದಲ್ಲಿ ಹೊಸ ಕೆರೆಗಳ ಭರಾಟೆ ಅಂತ ಭರ್ಜರಿಯಾಗಿ ಬರೆದಿದ್ದ ಪ್ಯಾರಾ ಈಗ ಇಲ್ಲ. ಬದಲಿಗೆ ಕೆರೆ ಉಳಿಸಿಕೊಳ್ಳಲು ಊರವರು ಪಟ್ಟ ಪಾಡಿನ ಮೇಲೆ ಎಂಟು ಪುಟ ಇದೆ. ಗೈಡ್ ಸರ್‌ಗೆ ಇಡೀ ಪ್ರಬಂಧದಲ್ಲಿ ಇಷ್ಟವಾದ ಭಾಗ ಅದು.

ಈಗ ಕೆಂಪು 31ಕ್ಕೆ ಇಳಿದಿದೆ. ಅದರಲ್ಲಿ ಹನ್ನೆರಡು ಮೈಸೂರು ಪುರಾತತ್ವ ಇಲಾಖೆಯ ಹಳೆಯ ವಾರ್ಷಿಕ ವರದಿಗಳು, ಲೈಬ್ರರಿಯ ಗಾಜಿನ ಬೀರುವಿನೊಳಗೆ ಕಣ್ಣಿಗೆ ಕಾಣುತ್ತವೆ. ಬೀಗದಕೈ ಇಟ್ಟುಕೊಂಡ ಅಟೆಂಡರ್ ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದಾರೆ. ಸೋಮವಾರ ಬರುತ್ತಾರಂತೆ, ಅರ್ಧ ದಿನ ರಜೆ ಬರೆದುಕೊಟ್ಟಿದ್ದೇನೆ.